ಜೋಡಿಸದ ಹತ್ತು ಫ್ರೇಮಿನ ಜೇನುಪೆಟ್ಟಿಗೆ: ಮರ ಗಟ್ಟಿ, ಫೀಡರ್ ದಂಡ

ವಸಂತಕ್ಕೆ ಮುಂಚೆ ಜೇನು ಕ್ಲಬ್‌ಗಳು ಒಟ್ಟಾಗಿ ತರಿಸಲು ಈ ಲ್ಯಾಂಗ್‌ಸ್ಟ್ರಾತ್ ಕಿಟ್ (ಎರಿ ಕಟ್ಟುವ ಚೌಕಟ್ಟು, ಅಂದರೆ ಫ್ರೇಮ್, ಎತ್ತಿ ತೆಗೆಯಬಹುದಾದ ಪೆಟ್ಟಿಗೆ) ಅಡ್ಡಿಯಿಲ್ಲ. ದುಡ್ಡು ಉಳಿಯುತ್ತದೆ, ಕೆಲಸ ಉಳಿಯುವುದಿಲ್ಲ.

ಮರದಲ್ಲಿ ಗಂಟು ಕಡಿಮೆ, ಮೂಲೆಯ ಹಲ್ಲುಗಳು ಬಿಗಿಯಾಗಿ ಕೂರುತ್ತವೆ. ಆದರೂ ಬರೀ ಮೊಳೆ ನಂಬಬೇಡಿ. ನೀರಿಗೆ ಬಿಡದ ಅಂಟು ಹಚ್ಚಿ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದು, ಅಳತೆ ಒಂದೇ ಬಂದ ಮೇಲೆ ಮೊಳೆ ಹೊಡೆಯಿರಿ. ಪೆಟ್ಟಿಗೆ ಸೊಟ್ಟಾದರೆ ಗೋಡೆಗೂ ಫ್ರೇಮಿಗೂ ನಡುವಿನ ಜಾಗ ಕೆಡುತ್ತದೆ. ಅದು 6ರಿಂದ 9 ಮಿ.ಮೀ. ಇರಬೇಕು. ಕಿರಿದಾದರೆ ಹುಳುಗಳು ಗಿಡಗಳಿಂದ ತಂದ ಅಂಟು ಮೆತ್ತಿ ಮುಚ್ಚುತ್ತವೆ, ಅಗಲವಾದರೆ ಅಡ್ಡಾದಿಡ್ಡಿ ಎರಿ ಕಟ್ಟುತ್ತವೆ. ಆಮೇಲೆ ಫ್ರೇಮ್ ಎತ್ತುವುದೇ ಪಾಡು. ಬಣ್ಣ ಹೊರಮೈಗೆ ಮಾತ್ರ.

ಫ್ರೇಮಿನ ತಂತಿ ಸಡಿಲವಾಗಿ ಬರುತ್ತದೆ. ಬೆರಳಿಂದ ಮೀಟಿದರೆ ಟಣ್ ಎನ್ನುವಷ್ಟು ಬಿಗಿದು ಮೇಣದ ಹಾಳೆ ಕೂರಿಸಿ. ಇಲ್ಲದಿದ್ದರೆ ಬೇಸಿಗೆಯ ಕಾವಿಗೆ ಎರಿ ಜೋತುಬೀಳುತ್ತದೆ. ಚಳಿಯಲ್ಲಿ ಹಾಳೆ ಮುರಿಯುತ್ತದೆ, ಬೆಚ್ಚಗಿನ ಕೋಣೆಯಲ್ಲಿ ಜೋಡಿಸಿ.

ರಾಣಿಹುಳು ಮೇಲಿನ ಜೇನಿನ ಪೆಟ್ಟಿಗೆಗೆ ಹೋಗದಂತೆ ತಡೆಯುವ ಜಾಲರಿಯೇ ರಾಣಿತಡೆ; ಕಿಟ್‌ನ ಪ್ಲಾಸ್ಟಿಕ್‌ನದು ಬಾಗುತ್ತದೆ, ತಂತಿಯದ್ದೇ ಮೇಲು. ಬಾಗಿಲಿಗೆ ಸಿಕ್ಕಿಸುವ ಫೀಡರ್ (ಹುಳುಗಳಿಗೆ ಸಕ್ಕರೆ ಪಾನಕ ಉಣಿಸುವ ಪಾತ್ರೆ) ಅಂತೂ ಬೇಡವೇ ಬೇಡ. ಸಿಹಿಯ ವಾಸನೆಗೆ ಪಕ್ಕದ ಪೆಟ್ಟಿಗೆಯ ಹುಳುಗಳು ಲೂಟಿಗೆ ಬರುತ್ತವೆ, ಹುಳು ಕಡಿಮೆಯಿರುವ ಬಡ ಜೇನುಕುಟುಂಬ ಒಂದೇ ದಿನದಲ್ಲಿ ಬರಿದಾದೀತು. ಮೇಲಿಡುವ ಫೀಡರ್ ಬೇರೆ ಕೊಳ್ಳಿ. ಸಕ್ಕರೆ, ನೀರು ಸಮ ತೂಕದಲ್ಲಿ ಕದಡಿ ಕೊಡಿ. ಸೂಪರ್ (ಜೇನು ತುಂಬಲು ಮೇಲಿಡುವ ಪೆಟ್ಟಿಗೆ) ಇಡುವ ಮೊದಲು ಫೀಡರ್ ತೆಗೆಯದಿದ್ದರೆ ಜೇನಿನ ಎರಿಯಲ್ಲಿ ಪಾನಕ ತುಂಬುತ್ತದೆ.

ಒಂದೇ ಸೂಪರ್ ಬರುವುದು ಇನ್ನೊಂದು ಕೊರತೆ. ಕೆಳಗಿನ ಏಳೆಂಟು ಫ್ರೇಮ್‌ಗಳಲ್ಲಿ ಹುಳು ತುಂಬಿದಾಗ ಮೇಲೆ ಜಾಗ ಸಿಗದಿದ್ದರೆ ಕುಟುಂಬ ಪಾಲಾಗಿ ಹಾರಿಹೋಗಬಹುದು. ಎರಡನೆಯದನ್ನು ಆರ್ಡರ್‌ನಲ್ಲೇ ಸೇರಿಸಿ.