ಗೆಳೆಯರೆಲ್ಲ ಸೇರಿ ಜಿಮ್‌ಗೆ ದುಡ್ಡು ಕಟ್ಟುವ ಮುನ್ನ

ಜಿಮ್‌ನ ಗ್ರೂಪ್ ಆಫರ್ ತಗೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಎಲ್ಲರ ದುಡ್ಡನ್ನು ಒಬ್ಬರ ಕೈಯಿಂದ ಕಟ್ಟಿಸಬೇಡಿ. ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ನಾಲ್ವರಿಗೆ ಆದದ್ದು ಇನ್ಯಾರಿಗೂ ಆಗಬಾರದು.

ಯಾವ ಜಿಮ್ ಅನ್ನೋ ಚರ್ಚೆ ವಾಟ್ಸಾಪ್‌ನಲ್ಲಿ ವಾರಗಟ್ಟಲೆ ನಡೆದಿತ್ತು. ಒಬ್ಬನಿಗೆ ಅತ್ತಿಗುಪ್ಪೆ ಮೆಟ್ರೋ ಹತ್ತಿರದ್ದೇ ಬೇಕು. ಗೆಳತಿಗೆ ಲೇಡಿ ಟ್ರೈನರ್ ಇರಬೇಕು. ಇನ್ನೊಬ್ಬ ಚಂದ್ರಾ ಲೇಔಟ್‌ನ ಹಳೇ ಜಿಮ್ ಸಾಕು ಅಂದ. ಅಲ್ಲಿ ಎಸಿ ಇಲ್ಲ, ಆದರೆ ತಿಂಗಳು ತಿಂಗಳು ಕಟ್ಟಬಹುದಿತ್ತು. ಅಷ್ಟರಲ್ಲಿ ಹೊಸದೊಂದು ಜಿಮ್‌ನವರು ಫೋನ್ ಮಾಡಿದರು. ನಾಲ್ಕು ಜನ ಒಟ್ಟಿಗೆ ಸೇರಿದರೆ ವರ್ಷದ ಫೀಸು ಅರ್ಧ, ಆದರೆ ಇವತ್ತೇ ಕಟ್ಟಬೇಕು, ನಾಳೆ ಈ ರೇಟ್ ಇರಲ್ಲ ಅಂದರು. ಚರ್ಚೆ ಅಲ್ಲಿಗೆ ಮುಗಿಯಿತು.

ಮೂವರ ದುಡ್ಡು ಒಬ್ಬನ ಯುಪಿಐಯಿಂದ ಹೋಯಿತು. ಕೌಂಟರ್‌ನಲ್ಲಿದ್ದ ಕ್ಯೂಆರ್ ಯಾರದೋ ಸ್ವಂತ ಖಾತೆಯದು. ಬಿಲ್ ಕೇಳಿದರೆ ವಾಟ್ಸಾಪ್‌ನಲ್ಲಿ 'ಪೇಮೆಂಟ್ ರಿಸೀವ್ಡ್' ಅಂತ ಬಂತು, ಅಷ್ಟೇ. ಗೆಳತಿಗೆ ಅಲ್ಲೇ ಅವಳ ಫೋನಿನಲ್ಲಿ 'ನೋ ಕಾಸ್ಟ್ ಇಎಂಐ' ಮಾಡಿಸಿದರು. ಕಂತು ಅಂದರೆ ಜಿಮ್‌ಗೆ ಕೊಡುವ ಕಂತು ಅಂತ ಕೇಳಿಸುತ್ತದೆ ಅಲ್ವಾ? ಹಾಗಲ್ಲ, ಅದು ಸಾಲ. ಸಾಲ ಕೊಟ್ಟ ಕಂಪನಿ ಜಿಮ್‌ಗೆ ಮೊದಲೇ ದುಡ್ಡು ಕೊಟ್ಟಾಗಿರುತ್ತದೆ. ಜಿಮ್ ಮುಚ್ಚಿದರೂ ಕಂತು ನಿಲ್ಲುವುದಿಲ್ಲ. ನಿಲ್ಲಿಸಿದರೆ ಕ್ರೆಡಿಟ್ ಸ್ಕೋರ್ ಬೀಳುತ್ತದೆ.

ಮುಚ್ಚುವ ಲಕ್ಷಣ ಮೊದಲೇ ಕಾಣಿಸಿತ್ತು. ಸಂಬಳ ಸಿಗದೆ ಟ್ರೈನರ್‌ಗಳು ಒಬ್ಬೊಬ್ಬರೇ ಬಿಟ್ಟು ಹೋದರು. ಕೆಟ್ಟ ಟ್ರೆಡ್‌ಮಿಲ್ ರಿಪೇರಿ ಆಗಲೇ ಇಲ್ಲ. ಅಷ್ಟಾದರೂ ಹೊಸಬರಿಗೆ ವರ್ಷದ ಪ್ಲಾನ್ ಮಾರುವುದು ಮಾತ್ರ ನಿಲ್ಲಲಿಲ್ಲ. ಇದು ನನಗೆ ತುಂಬಾ ಸಿಟ್ಟು ತರಿಸುವ ವಿಷಯ. ಆಮೇಲೆ 'ರಿನೋವೇಶನ್' ಅಂತ ಬೋರ್ಡ್ ಬಿತ್ತು, ಮೆಷಿನ್‌ಗಳು ಖಾಲಿಯಾದವು.

ದುಡ್ಡು ವಾಪಸ್ ಕೇಳಿದಾಗ ನನಗೆ ಸಿಕ್ಕ ಉತ್ತರ: "ನಿಮ್ಮ ಹೆಸರಲ್ಲಿ ಪೇಮೆಂಟೇ ಇಲ್ವಲ್ಲ." ಕಟ್ಟಿದ ಗೆಳೆಯನಿಗೆ ಬೇರೆಯದೇ ಸಂಕಟ. ತನ್ನಿಂದ ಎಲ್ಲರ ದುಡ್ಡು ಹೋಯಿತು ಅಂತ ಕೊರಗುತ್ತಾ ಗ್ರೂಪ್‌ನಲ್ಲಿ ಮಾತಾಡುವುದನ್ನೇ ಬಿಟ್ಟ. ಮೋಸ ಮಾಡಿದವರು ಹಾಯಾಗಿದ್ದಾರೆ, ನಾಚಿಕೊಂಡವನು ಅವನು.

ಅದಕ್ಕೇ ಹೇಳುತ್ತಿದ್ದೇನೆ. ಜೊತೆಯಲ್ಲಿ ಸೇರಿ, ಆದರೆ ಬೇರೆ ಬೇರೆಯಾಗಿ ಕಟ್ಟಿ. ಪ್ರತಿಯೊಬ್ಬರೂ ತಮ್ಮ ಹೆಸರಿನ ಬಿಲ್ ತಗೊಳ್ಳಿ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನ್ಯಾಯದ ವ್ಯಾಪಾರ ಪದ್ಧತಿ. ಜಿಎಸ್‌ಟಿ ಹಾಕಿದ್ದರೆ ಎಷ್ಟು ಅಂತ ನೋಡಿ. 2025ರ ಸೆಪ್ಟೆಂಬರ್ 22ರಿಂದ ಜಿಮ್‌ಗೆ ಅದು 18ರಿಂದ ಶೇಕಡ 5ಕ್ಕೆ ಇಳಿದಿದೆ. ಮೊದಲು ಒಂದು ತಿಂಗಳಿಗೆ ಮಾತ್ರ ಕಟ್ಟಿ, ನೀವು ಹೋಗುವ ಹೊತ್ತಿನಲ್ಲಿ ಎಷ್ಟು ರಶ್ ಇರುತ್ತದೆ ನೋಡಿ. ಅಲ್ಲಿನ ಟ್ರೈನರ್ ಹತ್ತಿರ ಎಷ್ಟು ದಿನದಿಂದ ಇದ್ದೀರಿ ಅಂತ ಸುಮ್ನೆ ಕೇಳಿ. ಓನರ್ ಮಾತಿಗಿಂತ ಆ ಉತ್ತರ ಜಾಸ್ತಿ ತಿಳಿಸುತ್ತದೆ.

ಈಗಾಗಲೇ ಸಿಕ್ಕಿಬಿದ್ದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಒಂದೇ ರೀತಿ ನಷ್ಟವಾದ ಹಲವರು ಆಯೋಗದ ಅನುಮತಿ ಪಡೆದು ಒಟ್ಟಿಗೆ ದೂರು ಕೊಡಬಹುದು. ನಾವು ಮಾಡುತ್ತಿರುವುದೂ ಅದನ್ನೇ. ಗೆಳೆಯನ ಬ್ಯಾಂಕ್ ಸ್ಟೇಟ್‌ಮೆಂಟ್, ನಾವು ಅವನಿಗೆ ಕಳಿಸಿದ ಹಣದ ವಿವರ, ಜಿಮ್‌ನವರ ಮೆಸೇಜ್‌ಗಳು, ಬೀಗ ಹಾಕಿದ ಬಾಗಿಲಿನ ಫೋಟೋ ಎಲ್ಲ ಜೋಡಿಸಿದ್ದೇವೆ. 'ಇನ್ನೊಂದು ವಾರದಲ್ಲಿ ಕೊಡ್ತೀವಿ' ಅನ್ನುವ ಮಾತು ನಂಬಿ ಕಾಯುತ್ತಾ ಕೂರಬೇಡಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಅದನ್ನು ಸಲ್ಲಿಸಬೇಕು.