ಕುಂದವಾಡ ಕೆರೆಯ ಹಳೆಯ ಅಂಚು ಹುಡುಕುವವರಿಗೆ: ಟೊಪೊಶೀಟ್ 48ಎನ್/15

ದಾವಣಗೆರೆಯ ಕುಂದವಾಡ, ಬಾತಿ ಕೆರೆಗಳ ಸುತ್ತ ಊರು ಹೇಗೆ ಬೆಳೆಯಿತೆಂದು ತಿಳಿಯಲು ಸರ್ವೆ ಆಫ್ ಇಂಡಿಯಾದ ಈ 1:50,000 ಅಳತೆಯ ಸ್ಥಳವಿವರ ನಕ್ಷೆಯ ಹಾಳೆ (ಟೊಪೊಶೀಟ್) ಕೊಳ್ಳಲೇಬೇಕಾದದ್ದು. ಬಾವಿ, ಕಾಲುದಾರಿ, ಏರಿ, ಹಳ್ಳ ಎಲ್ಲವೂ ಸ್ಪಷ್ಟ. 1997ಕ್ಕೆ ಮುಂಚಿನ ಮುದ್ರಣವಾದರೆ ಜಿಲ್ಲೆ ಚಿತ್ರದುರ್ಗ ಎಂದಿರುತ್ತದೆ, ಗಾಬರಿ ಬೇಡ. ಮುದ್ರಣದ ವರ್ಷ ನಂಬಬೇಡಿ. ಅಂಚಿನಲ್ಲಿರುವ ಸರ್ವೆ ವರ್ಷವೇ ಮುಖ್ಯ. ಭದ್ರಾ ನಾಲೆಯ ನೀರು ಬರುವ ಮುಂಚಿನ ಕೆರೆಯೂ ನಂತರದ ಕೆರೆಯೂ ಒಂದೇ ಅಲ್ಲ.

ಸ್ಕ್ಯಾನ್ ಮಾಡಿ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಸರಿಯಾದ ಜಾಗಕ್ಕೆ ಕೂರಿಸುವಾಗ ನಾಲ್ಕು ಮೂಲೆಗಳಷ್ಟೇ ಸಾಲದು. 5 ನಿಮಿಷದ ಅಕ್ಷಾಂಶ-ರೇಖಾಂಶ ಕೂಡುವ 16 ಬಿಂದುಗಳನ್ನೂ ಗುರುತಿಸಿ, ಮಡಿಕೆಯಿಂದ ಕಾಗದ ಹಿಗ್ಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಹಳೆಯ ಹಾಳೆ ಎವರೆಸ್ಟ್ ಡೇಟಮ್‌ನದು (ಡೇಟಮ್ ಎಂದರೆ ಅಕ್ಷಾಂಶ-ರೇಖಾಂಶ ಎಣಿಸುವ ಆಧಾರ). ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್84 ಎಂದು ಕೊಟ್ಟರೆ ಕೆರೆ ನೂರು ಮೀಟರಿಗೂ ಹೆಚ್ಚು ಸರಿದು, ಇಲ್ಲದ ಒತ್ತುವರಿ ಕಾಣಿಸುತ್ತದೆ. ಇದೇ ಅತಿ ಅಪಾಯದ ತಪ್ಪು.

ಕೊರತೆಯೂ ಇದೆ. ಹಾಳೆಯಲ್ಲಿ ಅರ್ಧ ಮಿಲಿಮೀಟರ್ ಅಂದರೆ ನೆಲದಲ್ಲಿ 25 ಮೀಟರ್. 20 ಮೀಟರ್ ಅಂತರದ ಸಮೋನ್ನತಿ ರೇಖೆ ಸಮತಟ್ಟಾದ ಜೌಗಿನ ಬಗ್ಗೆ ಏನೂ ಹೇಳದು. ನಿವೇಶನದ ಗಡಿ ವ್ಯಾಜ್ಯಕ್ಕೆ ಈ ಹಾಳೆ ಸಾಲದು.