ಬಾಗಿಲಿಗೆ ಫ್ರಿಜ್ ಅಡ್ಡವಿಟ್ಟು ಬದುಕಿದವನ ಕಥೆ: ಕೊರಿಯಾದ ‘ಅಲೈವ್’

ಹೆಚ್ಚಿನ ಫೋನುಗಳಲ್ಲಿ ಎಫ್.ಎಂ. ರೇಡಿಯೊ ಕೇಳಬೇಕಾದರೆ ತಂತಿಯುಳ್ಳ ಇಯರ್‌ಫೋನ್ ಸಿಕ್ಕಿಸಲೇಬೇಕು, ಏಕೆಂದರೆ ಆ ತಂತಿಯೇ ಆ್ಯಂಟೆನಾದ ಕೆಲಸ ಮಾಡುತ್ತದೆ. ‘ಅಲೈವ್’ ಚಿತ್ರದ ನಾಯಕ ಜೂನ್‌ವೂ ಬಳಿ ಡ್ರೋನ್ ಇದೆ, ಗೇಮ್ ಆಡಲು ಬೇಕಾದ ಸಕಲ ಸಲಕರಣೆಗಳೂ ಇವೆ. ಆದರೆ ನೆಟ್‌ವರ್ಕ್ ಕಡಿದುಹೋಗಿ ರೇಡಿಯೊ ಒಂದೇ ಆಸರೆಯಾದ ಹೊತ್ತಿನಲ್ಲಿ ಅವನಿಗೆ ಮನೆಯೆಲ್ಲ ಹುಡುಕಿದರೂ ಒಂದು ತಂತಿ ಸಿಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಮನುಷ್ಯರನ್ನು ಕಚ್ಚುವ ಜೊಂಬಿಗಳಿಗಿಂತ ಹೆಚ್ಚು ದಿಗಿಲು ಹುಟ್ಟಿಸಿದ್ದು ಈ ಹುಡುಕಾಟ.

2020ರ ಜೂನ್‌ನಲ್ಲಿ ದಕ್ಷಿಣ ಕೊರಿಯಾದ ಚಿತ್ರಮಂದಿರಗಳಲ್ಲಿ ತೆರೆಕಂಡು, ಸೆಪ್ಟೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಹೊರಜಗತ್ತಿಗೆ ತಲುಪಿದ ಈ ಚಿತ್ರದ ನಿರ್ದೇಶಕ ಚೋ ಇಲ್‌ಹ್ಯೋಂಗ್. ಮೂಲ ಚಿತ್ರಕಥೆ ಅಮೆರಿಕದ ಮ್ಯಾಟ್ ನೇಲರ್ ಅವರದು. ಅದೇ ಕಥೆಯನ್ನಿಟ್ಟುಕೊಂಡು ಅದೇ ವರ್ಷ ಅಮೆರಿಕದಲ್ಲಿ ‘ಅಲೋನ್’ ಎಂಬ ಇನ್ನೊಂದು ಚಿತ್ರವೂ ಬಂದಿತು. ಒಂದು ಹೆಸರಿನ ಅರ್ಥ ‘ಒಂಟಿ’, ಇನ್ನೊಂದರ ಅರ್ಥ ‘ಜೀವಂತ’. ಚಿತ್ರ ನೋಡಿದ ಮೇಲೆ ಕೊರಿಯಾದವರು ಆರಿಸಿಕೊಂಡ ಹೆಸರೇ ಸರಿಯೆಂದು ನನಗನಿಸಿತು. ಮನೆಗೆ ಜೊಂಬಿ ನುಗ್ಗದಂತೆ ಬಾಗಿಲು ಭದ್ರಪಡಿಸಿಕೊಳ್ಳುವುದು ಬದುಕಿನ ಅರ್ಧ ಭಾಗ ಮಾತ್ರ, ತಾನು ಬದುಕಿದ್ದೇನೆಂದು ಇನ್ನೊಬ್ಬರಿಗೆ ತಿಳಿಯುವುದು ಉಳಿದರ್ಧ ಎಂಬುದನ್ನು ಈ ಚಿತ್ರ ಪಟ್ಟುಹಿಡಿದು ಹೇಳುತ್ತದೆ.

ಕಥೆ ಆರಂಭವಾಗುವುದು ತೀರ ಸಾಮಾನ್ಯವಾದ ಒಂದು ಬೆಳಗಿನಲ್ಲಿ. ಅಪ್ಪ, ಅಮ್ಮ, ಸಹೋದರಿ ಮನೆಯಲ್ಲಿಲ್ಲ. ದಿನಸಿ ತರುವಂತೆ ಅಮ್ಮ ಚೀಟಿ ಬರೆದಿಟ್ಟು ಹೋಗಿದ್ದಾರೆ. ಜೂನ್‌ವೂ ದಿನಸಿ ತರುವುದಿಲ್ಲ, ಗೇಮ್ ಆಡಲು ಕೂರುತ್ತಾನೆ. ಕೆಲವೇ ನಿಮಿಷಗಳಲ್ಲಿ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಜನ ಜನರನ್ನೇ ಕಚ್ಚುತ್ತಿರುತ್ತಾರೆ. ಅಮ್ಮನ ಆ ಮಾತನ್ನು ಕೇಳಿದ್ದರೆ ಅಡುಗೆಮನೆಯಲ್ಲಿ ಇನ್ನಷ್ಟು ದಿನಗಳ ಆಹಾರ ಇರುತ್ತಿತ್ತೆಂಬುದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅವನು ಖಾಲಿಯಾಗುತ್ತಿರುವ ಕಪಾಟಿನ ಮುಂದೆ ನಿಂತಾಗಲೆಲ್ಲ ನೋಡುವವರಿಗೆ ಆ ಚೀಟಿ ನೆನಪಾಗುತ್ತದೆ. ಮುಂದೆ ನಲ್ಲಿಯ ನೀರೂ ನಿಲ್ಲುತ್ತದೆ. ಬಾಯಾರಿಕೆ ತಾಳಲಾರದೆ ಅಪ್ಪನ ಮದ್ಯದ ಬಾಟಲಿಗೆ ಕೈಹಾಕುವ ಅವನ ಮುಖದಲ್ಲಿ ನಟ ಯೂ ಆಇನ್ ತೋರಿಸುವ ದೈನ್ಯ, ಮಾತೇ ಇಲ್ಲದ ನಟನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸಾಕ್ಷಿ. ಮೊದಲರ್ಧವನ್ನು ಬಹುತೇಕ ಅವರೊಬ್ಬರೇ ಹೊತ್ತಿದ್ದಾರೆ.

ಎದುರಿನ ಕಟ್ಟಡದಲ್ಲಿ ಯೂಬಿನ್ ಎಂಬ ಯುವತಿಯೂ ಬದುಕುಳಿದಿರುವುದು ಗೊತ್ತಾದ ಮೇಲೆ ಚಿತ್ರದ ಉಸಿರೇ ಬದಲಾಗುತ್ತದೆ. ಕೊರಿಯನ್ ಧಾರಾವಾಹಿಗಳನ್ನು ನೋಡುವವರಿಗೆ ಪರಿಚಿತರಾದ ಪಾರ್ಕ್ ಶಿನ್‌ಹೇ ಈ ಪಾತ್ರವನ್ನು ಹೆಚ್ಚು ಮಾತಿಲ್ಲದೆ, ಲೆಕ್ಕಾಚಾರದ ಎಚ್ಚರದಿಂದ ನಿರ್ವಹಿಸಿದ್ದಾರೆ. ಇಬ್ಬರ ನಡುವೆ ಇಳಿಯಲಾಗದ ಅಂಗಳವಿದೆ. ಅದರ ಮೇಲೆ ಹಗ್ಗವೊಂದು ಹಾದು, ಆ ಹಗ್ಗದ ಮೇಲೆ ಆಹಾರ ಸಾಗುತ್ತದೆ, ಮುಂದೆ ವಾಕಿಟಾಕಿಯಲ್ಲಿ ಮಾತೂ ಸಾಗುತ್ತದೆ. ತಮ್ಮ ತಮ್ಮ ಕಿಟಕಿಯ ಬಳಿ ಕುಳಿತು ಇಬ್ಬರೂ ಒಟ್ಟಿಗೆ ಊಟ ಮಾಡುವ ದೃಶ್ಯವನ್ನು ನಾನು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಲಾಕ್‌ಡೌನ್ ದಿನಗಳಲ್ಲಿ ಎದುರುಮನೆಯ ಬಾಲ್ಕನಿಯಲ್ಲಿ ಯಾರಾದರೂ ಕಾಣಿಸಿದರೆ ಸಾಕು ಎನ್ನಿಸಿದ್ದವರಿಗೆ ಅದರ ತೂಕ ವಿವರಿಸಬೇಕಾಗಿಲ್ಲ. ಚಿತ್ರಕಥೆ ಹುಟ್ಟಿದ್ದು ಕೋವಿಡ್‌ಗಾಗಿ ಅಲ್ಲವಾದರೂ ಅದು ಜನರೆದುರು ಬಂದದ್ದು ಅದೇ ಕಾಲದಲ್ಲಿ.

ಇಲ್ಲಿನ ಜೊಂಬಿಗಳು ಹಳೆಯ ಬದುಕಿನ ಅಭ್ಯಾಸವನ್ನು ಸ್ವಲ್ಪ ಉಳಿಸಿಕೊಂಡಿರುವುದು ಒಳ್ಳೆಯ ಕಲ್ಪನೆ. ಅಗ್ನಿಶಾಮಕ ಸಿಬ್ಬಂದಿಯಾಗಿದ್ದವನೊಬ್ಬ ಹಗ್ಗ ಕಂಡೊಡನೆ ಹತ್ತತೊಡಗುತ್ತಾನೆ. ಇದನ್ನು ಇನ್ನಷ್ಟು ಬೆಳೆಸಬಹುದಾಗಿತ್ತು.

ಕೊನೆಯ ಮೂರನೇ ಒಂದು ಭಾಗ ಮಾತ್ರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಇಬ್ಬರೂ ಎಂಟನೆಯ ಮಹಡಿ ಸೇರಿದ ಮೇಲೆ ಬರುವ ತಿರುವಿನಲ್ಲಿ ನಿಜವಾದ ದುಃಖವಿದೆ, ಆದರೆ ಆ ದುಃಖ ಮನಸ್ಸಿಗಿಳಿಯುವ ಮೊದಲೇ ಚಿತ್ರ ಮುಂದಕ್ಕೆ ಧಾವಿಸುತ್ತದೆ. ಮೊದಲರ್ಧದಲ್ಲಿ ಒಂದು ತಂತಿಗಾಗಿ ಅಷ್ಟು ಸಮಯ ಕೊಟ್ಟ ನಿರ್ದೇಶಕರು ಇಲ್ಲಿ ಹತ್ತು ನಿಮಿಷ ಹೆಚ್ಚು ನಿಂತಿದ್ದರೂ ನಷ್ಟವಿರಲಿಲ್ಲ, ಏಕೆಂದರೆ ಇಡೀ ಚಿತ್ರ ನೂರು ನಿಮಿಷವನ್ನೂ ಮುಟ್ಟುವುದಿಲ್ಲ.

ಹೀಗಿದ್ದರೂ ಜೊಂಬಿ ಚಿತ್ರಗಳಿಂದ ದೂರವಿರುವವರೂ ಇದನ್ನು ಒಮ್ಮೆ ನೋಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ವಾಕಿಟಾಕಿಯ ಸಂಭಾಷಣೆಗಳಲ್ಲಿ ದನಿಯ ನಡುಕವೇ ಮುಖ್ಯವಾದ್ದರಿಂದ ಡಬ್ಬಿಂಗ್ ಬಿಟ್ಟು ಕೊರಿಯನ್ ಧ್ವನಿಯಲ್ಲಿಯೇ, ಸಬ್‌ಟೈಟಲ್ ಹಾಕಿಕೊಂಡು ನೋಡಿರಿ. ಮಕ್ಕಳೊಂದಿಗೆ ನೋಡುವ ಚಿತ್ರವಲ್ಲ. ನಡುವೆ ಆತ್ಮಹತ್ಯೆಯ ಯತ್ನದ ದೃಶ್ಯವೊಂದು ಬರುತ್ತದೆ. ಇತ್ತೀಚೆಗೆ ಅಂಥ ನೋವನ್ನು ಹತ್ತಿರದಿಂದ ಕಂಡವರು ಅದನ್ನು ತಿಳಿದುಕೊಂಡೇ, ಸಾಧ್ಯವಾದರೆ ಜೊತೆಗೊಬ್ಬರನ್ನು ಕೂರಿಸಿಕೊಂಡು ನೋಡುವುದು ಒಳ್ಳೆಯದು.